ಇನ್‌ಸ್ಪೆಕ್ಷನ್ ದಿನ ತಿಂಡಿ ನನ್ನದು, ಫೈಲು ಜೂನಿಯರ್‌ದು

ಗೊರಬು
ಮನೆಯಲ್ಲಿ ಹೇಳಿದರೆ "ಇರಲಿ ಬಿಡು, ಸಂಬಳ ಬರುತ್ತಲ್ಲ" ಅನ್ನುತ್ತಾರೆ. ಕಾಲೇಜಿನಲ್ಲಿ ಹೇಳಿದರೆ ಮಧ್ಯಾಹ್ನದೊಳಗೆ ಕ್ಯಾಂಟೀನಿನ ಸುದ್ದಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಉದ್ದ ಆದರೆ ಬೈಯಬೇಡಿ.

ನಾನು ತೀರ್ಥಹಳ್ಳಿ ಕಡೆಯವಳು. ಈಗ ಬೇರೆ ಜಿಲ್ಲೆಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಅಸೋಸಿಯೇಟ್ ಪ್ರೊಫೆಸರ್. ಕಾಲೇಜಿನ ಹೆಸರು ಬೇಡ. ಹೋದ ತಿಂಗಳು ಇನ್‌ಸ್ಪೆಕ್ಷನ್ ಇತ್ತು. ಹಿಂದಿನ ಸಂಜೆ ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥರು, ಎಲ್ಲರನ್ನೂ ಕರೆದು ಕೆಲಸ ಹಂಚಿದರು. ಥೀಸಿಸ್ ರಿಜಿಸ್ಟರ್, ಪಬ್ಲಿಕೇಷನ್ ಪಟ್ಟಿ, ಬೆಡ್ ಲೆಕ್ಕ, ಬಂದವರ ಜೊತೆ ಕೂತು ಮಾತಾಡುವುದು, ಇಷ್ಟೂ ನನಗಿಂತ ನಾಲ್ಕು ವರ್ಷ ಜೂನಿಯರ್ ಆದ ಅಸಿಸ್ಟೆಂಟ್ ಪ್ರೊಫೆಸರ್‌ಗೆ. ನನಗೆ, "ಮೇಡಂ, ನೀವು ತಿಂಡಿ ನೋಡ್ಕೊಳಿ, ನಿಮಗೆ ಅದೆಲ್ಲ ಚೆನ್ನಾಗಿ ಬರುತ್ತೆ."

ಮಾರನೇ ದಿನ ಪ್ಯಾಂಟ್ರಿಯಲ್ಲಿ ನಿಂತು ಪ್ಲೇಟಿಗೆ ಟಿಶ್ಯೂ ಹಾಸಿ ನಾಲ್ಕು ಗೋಡಂಬಿ, ಎರಡು ಬಿಸ್ಕತ್ತು, ಒಂದು ಮೈಸೂರುಪಾಕು ಜೋಡಿಸುತ್ತಿದ್ದೆ. ಗೋಡೆಯಾಚೆ ಅವನ ದನಿ ಕೇಳುತ್ತಿತ್ತು. ಬೆಡ್ ಲೆಕ್ಕ ತಪ್ಪು ಹೇಳುತ್ತಿದ್ದ. ಆ ರಿಜಿಸ್ಟರನ್ನು ಮೂರು ವರ್ಷದಿಂದ ಬರೆಯುತ್ತಿರುವವಳು ನಾನು. ಕೈಯಲ್ಲಿ ಟ್ರೇ ಹಿಡಿದುಕೊಂಡು ಒಳಗೆ ಹೋಗಿ "ಅದು ಹಾಗಲ್ಲ" ಅನ್ನುವುದು ಹೇಗೆ ಹೇಳಿ. ಟ್ರೇ ಇಟ್ಟೆ, ಬಂದೆ.

ಅವನ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯ ಹುಡುಗ. ಪ್ರಶ್ನೆ ಬೇರೆ. ಎಂಬಿಬಿಎಸ್ ಕ್ಲಾಸಿಗೆ ಹೋದರೆ ಎದುರಿಗೆ ಕೂತವರಲ್ಲಿ ಹೆಣ್ಣುಮಕ್ಕಳು ತುಂಬಾ. ಹೊಸನಗರ, ಸೊರಬದ ಹಳ್ಳಿಗಳಿಂದ ಬಂದವರಿದ್ದಾರೆ, ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರಿದ್ದಾರೆ, ಎಲ್ಲ ಜಾತಿ, ಎಲ್ಲ ಧರ್ಮದವರೂ ಇದ್ದಾರೆ. ಅದೇ ಕಾಲೇಜಿನ ಕೌನ್ಸಿಲ್ ಮೀಟಿಂಗ್ ಫೋಟೊ ನೋಡಿ. ಹೆಂಗಸರನ್ನು ಎಣಿಸಲು ಒಂದು ಕೈಯ ಬೆರಳೇ ಜಾಸ್ತಿ. ಕ್ಲಾಸಿನಿಂದ ಆ ಫೋಟೊವರೆಗಿನ ದಾರಿಯಲ್ಲಿ ಉಳಿದವರೆಲ್ಲ ಎಲ್ಲಿ ಇಳಿದು ಹೋಗುತ್ತಾರೆ?

ಅಪ್ಪೆಮಿಡಿ
ಅಕ್ಕಾ, ಆ ಫೋಟೊದಲ್ಲಿ ಮೀಸೆ ಎಷ್ಟಿವೆ ಎಣಿಸಿದಿರಾ? ತಮಾಷೆ ಅಲ್ಲ ಮಾರಾಯ್ರೆ. 2015ರ ಕ್ರಿಸ್ಮಸ್ ಸಂಚಿಕೆಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನವರು ಇದನ್ನೇ ಪ್ರಕಟಿಸಿದ್ದರು. ಅಮೆರಿಕದ 50 ಮೆಡಿಕಲ್ ಕಾಲೇಜುಗಳ ವಿಭಾಗದ ಮುಖ್ಯಸ್ಥರ ಫೋಟೊ ನೋಡಿ ಲೆಕ್ಕ ಹಾಕಿದರು. 1018 ಜನರಲ್ಲಿ ಹೆಂಗಸರು 137. ಮೀಸೆ ಇದ್ದ ಗಂಡಸರು 190. ಅಂದರೆ ಇಡೀ ಹೆಣ್ಣುಕುಲಕ್ಕಿಂತ ಮೀಸೆಗೇ ಸ್ಥಾನ ಜಾಸ್ತಿ. ಅದೂ ಮೀಸೆ ಬಿಡುವುದು ಅಪರೂಪ ಆಗಿರುವ ದೇಶದಲ್ಲಿ. ನಮ್ಮ ಕಡೆ ಎಣಿಸಲು ಹೊರಟರೆ ಕಥೆ ಮುಗಿಯಿತು.

ನಿವೃತ್ತ_ಕತ್ತರಿ
ನಾನು ಸರ್ಜರಿ ವಿಭಾಗದಲ್ಲಿ 30 ವರ್ಷ ಪಾಠ ಮಾಡಿ ನಿವೃತ್ತನಾದವನು, ಈಗ ಶಿವಮೊಗ್ಗದಲ್ಲಿ ಮನೆ. ಗೊರಬು ಅವರಿಗೆ ಆಗಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಟ್ರೇಯಿಂದ ಇಷ್ಟು ದೊಡ್ಡ ತೀರ್ಮಾನ ಬೇಡ. ಎಚ್‌ಒಡಿ ಆಗುವುದು ಜ್ಯೇಷ್ಠತಾ ಪಟ್ಟಿಯಿಂದ. ಪಟ್ಟಿಗೆ ಗಂಡು ಹೆಣ್ಣು ಗೊತ್ತಿಲ್ಲ. 1984ರಲ್ಲೇ ದೆಹಲಿಯ ಏಮ್ಸ್‌ಗೆ ಸ್ನೇಹ್ ಭಾರ್ಗವ ನಿರ್ದೇಶಕಿ ಆದರು, ರೇಡಿಯಾಲಜಿಯವರು. ನಮ್ಮ ನಿಮ್ಹಾನ್ಸ್‌ನಲ್ಲಿ ಗೌರಿದೇವಿ ಇದ್ದರು, 2021ರಲ್ಲಿ ಪ್ರತಿಮಾ ಮೂರ್ತಿ ಬಂದರು. ಯಾರು ತಡೆದರು ಇವರನ್ನು? ನನ್ನದೇ ವಿಭಾಗದಲ್ಲಿ ಮೂವರು ಹೆಣ್ಣುಮಕ್ಕಳು "ಸರ್, ಅಡ್ಮಿನಿಸ್ಟ್ರೇಷನ್ ಬೇಡ, ಕ್ಲಾಸು, ಒಟಿ ಸಾಕು" ಅಂತ ತಾವಾಗಿಯೇ ಹೇಳಿದರು. ಒತ್ತಾಯ ಮಾಡುವುದಕ್ಕೆ ಆಗುತ್ತಾ?

ಗೊರಬು
ಸರ್, ಯಾಕೆ ಬೇಡ ಅಂತ ಆ ಮೂವರನ್ನು ಕೇಳಿದ್ದಿರಾ? ಇನ್ನೊಂದು, ಏಮ್ಸ್ ಶುರುವಾಗಿದ್ದು 1956ರಲ್ಲಿ. ಮೊದಲ ನಿರ್ದೇಶಕಿಗೆ 28 ವರ್ಷ ಕಾಯಬೇಕಾಯಿತು. ಹೆಸರು ಹಿಡಿದು ಹೇಳಿ ಮುಗಿಸುವಷ್ಟು ಕಡಿಮೆ ಇದ್ದಾರೆ ಅಂದರೆ ಅದೇ ಉತ್ತರ ಅಲ್ವಾ? ಗಂಡಸು ನಿರ್ದೇಶಕರ ಹೆಸರನ್ನು ಹೀಗೆ ಯಾರೂ ಪಟ್ಟಿ ಮಾಡುವುದಿಲ್ಲ.

ಐದೂವರೆ_ಮೀಟಿಂಗ್
ಕೇಳಿದ್ದರೆ ನಾನು ಹೇಳುತ್ತಿದ್ದೆ, ಸರ್. ನಾನು ಅರಿವಳಿಕೆ ವಿಭಾಗದವಳು, ಎರಡು ಮಕ್ಕಳು. ನಮ್ಮಲ್ಲಿ ಕಾಲೇಜಿನ ಮುಖ್ಯ ಮೀಟಿಂಗ್‌ಗಳು ಶುರುವಾಗುವುದೇ ಸಂಜೆ ಐದೂವರೆಗೆ. ಅದೂ ಐದು ಗಂಟೆಗೆ ಫೋನ್ ಬರುತ್ತದೆ, "ಮೇಡಂ ಬರ್ತೀರಾ?" ಅಂತ. ಮಳೆಗಾಲದಲ್ಲಿ ಐದೂವರೆ ಅಂದರೆ ಶಾಲೆಯ ವ್ಯಾನು ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತದೆ, ಕರೆಂಟು ಹೋಗಿರುತ್ತದೆ, ಅತ್ತೆಗೆ ಬಿಪಿ ಮಾತ್ರೆ ಕೊಡಬೇಕಿರುತ್ತದೆ. ಎರಡು ಸಲ ಆಗಲ್ಲ ಅಂದೆ. ಮೂರನೇ ಸಲ ಫೋನೇ ಬರಲಿಲ್ಲ. ಈಗ ನನ್ನ ಬಗ್ಗೆ "ಅವರಿಗೆ ಆಡಳಿತದಲ್ಲಿ ಆಸಕ್ತಿ ಇಲ್ಲ" ಅನ್ನುತ್ತಾರೆ.

50 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಡೆ ಮಕ್ಕಳನ್ನು ಬಿಡುವುದಕ್ಕೆ ಶಿಶುಪಾಲನಾ ಕೇಂದ್ರ ಇರಲೇಬೇಕು ಅಂತ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆಯಲ್ಲೇ ಬಂತು. ನಮ್ಮಲ್ಲಿ ಬಾಗಿಲ ಮೇಲೆ ಬೋರ್ಡಿದೆ. ಒಳಗೆ ಹಳೆಯ ಸಲೈನ್ ಸ್ಟ್ಯಾಂಡುಗಳಿವೆ. ಸ್ಟ್ಯಾಂಡುಗಳನ್ನು ಚೆನ್ನಾಗಿ ಪಾಲನೆ ಮಾಡುತ್ತಿದ್ದಾರೆ ಅನ್ನಿ.

ಇನ್ನು ಜ್ಯೇಷ್ಠತೆ. ಪಿಜಿ ಮುಗಿದ ವರ್ಷ ಮೊದಲ ಮಗು, ಹಾಗಾಗಿ ಒಂದೂವರೆ ವರ್ಷ ತಡವಾಗಿ ಸೇರಿದೆ. ಮೊದಲ ಕೆಲವು ವರ್ಷ ಗುತ್ತಿಗೆ, ಅದು ಲೆಕ್ಕಕ್ಕೆ ಬರಲಿಲ್ಲ. ಪ್ರೊಫೆಸರ್ ಹುದ್ದೆ ಖಾಲಿ ಆದದ್ದು ದೂರದ ಜಿಲ್ಲೆಯಲ್ಲಿ, ಗಂಡನ ಕೆಲಸ ಸಾಗರದಲ್ಲಿ, ಅರ್ಜಿ ಹಾಕಲಿಲ್ಲ. ಪಟ್ಟಿಗೆ ಗಂಡು ಹೆಣ್ಣು ಗೊತ್ತಿಲ್ಲ, ನಿಜ ಸರ್. ಪಟ್ಟಿ ಬರೆಯುವ ಮೊದಲೇ ಎಲ್ಲ ಆಗಿ ಹೋಗಿರುತ್ತದೆ.

ಅಪ್ಪೆಮಿಡಿ
ಸಲೈನ್ ಸ್ಟ್ಯಾಂಡು ಪಾಲನೆ 😂

ಸೊರಬದ_ಹುಡುಗ
ಹೆಂಗಸರ ವಿಷಯ ಸರಿ. ಆದರೆ ಬರೀ ಅಲ್ಲಿಗೇ ನಿಂತರೆ ಅರ್ಧ ಮಾತಾಡಿದಂತೆ. ನನ್ನದನ್ನೂ ಸೇರಿಸುತ್ತೇನೆ.

ಒಂದರಿಂದ ಹತ್ತರವರೆಗೆ ಕನ್ನಡ ಶಾಲೆ. ಸೀಟು ಸಿಕ್ಕಿದ್ದು ಮೀಸಲಾತಿಯಲ್ಲಿ, ಅದರೊಳಗೆ ಕನ್ನಡ ಮಾಧ್ಯಮದ ಕೋಟಾದಲ್ಲಿ. ನಮ್ಮ ರಾಜ್ಯದಲ್ಲಿ ಗ್ರಾಮೀಣರಿಗೆ 15%, ಕನ್ನಡ ಮಾಧ್ಯಮದವರಿಗೆ 5% ಇದೆಯಲ್ಲ, ಅದು. ಒಳಗೆ ಬರುವ ಬಾಗಿಲು ಹೀಗೆ ತೆರೆದುಕೊಂಡಿತು, ಅದಕ್ಕೆ ನಾನು ಋಣಿ. ಮೊದಲ ವರ್ಷ ಅನಾಟಮಿಯ ಮೌಖಿಕ ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಇಂಗ್ಲಿಷ್ ಬಾಯಿಗೆ ಬರದೆ ನಿಂತಿದ್ದೆ. ಮೂಳೆ ಕೈಯಲ್ಲಿತ್ತು, ಅದರ ಹೆಸರೂ ಬರುತ್ತಿತ್ತು, ವಾಕ್ಯ ಬರುತ್ತಿರಲಿಲ್ಲ. ಈಗ ಅದೇ ಟೇಬಲ್ಲಿನ ಈಚೆ ಕಡೆ ಕೂತು ಪರೀಕ್ಷೆ ಮಾಡುತ್ತೇನೆ. ಹುಡುಗ ತಡವರಿಸಿದರೆ "ಕನ್ನಡದಲ್ಲಿ ಹೇಳಪ್ಪ" ಅನ್ನುತ್ತೇನೆ. ಹೊರಗಿನಿಂದ ಬಂದ ಒಬ್ಬ ಪರೀಕ್ಷಕರು ಇದಕ್ಕೆ ಮುಖ ಸಿಂಡರಿಸಿದ್ದರು. ರೋಗಿ ನಾಳೆ ಯಾವ ಭಾಷೆಯಲ್ಲಿ ಮಾತಾಡುತ್ತಾನೆ ಸರ್ ಅಂತ ಕೇಳಿದೆ, ಸುಮ್ಮನಾದರು.

ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ಹಿರಿಯರು ಚಹಾ ಕುಡಿಯುತ್ತಾ ಕೇಳಿದರು, "ಸೊರಬದಲ್ಲಿ ಎಲ್ಲಾಯ್ತು? ಯಾರ ಮನೆ ಹುಡುಗ ನೀನು?" ಮಲೆನಾಡಿನವರಿಗೆ ಈ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮನೆ ಹೇಳಿದೆ. ಚಹಾ ಮುಗಿಯಿತು. ಆಮೇಲೆ ಅವರ ಮನೆಯ ಊಟಕ್ಕೆ ಇಡೀ ವಿಭಾಗ ಹೋಯಿತು, ನನಗೆ ಕರೆ ಬಂದಿರಲಿಲ್ಲ. ಮುಂದಿನ ವರ್ಷದ ಪ್ರಾಜೆಕ್ಟಿನ ಮಾತು ನಡೆದದ್ದು ಆ ಊಟದಲ್ಲಿ.

ಈಗ ಕಾನೂನಿನ ಒಂದು ಗಂಟು. ಬಡ್ತಿಯಲ್ಲಿ ಎಸ್‌ಸಿ, ಎಸ್‌ಟಿ ಮೀಸಲಾತಿ ಇದೆ. ಹಾಗೆ ಬಡ್ತಿ ಪಡೆದವರ ಜ್ಯೇಷ್ಠತೆ ಉಳಿಸುವ ನಮ್ಮ ರಾಜ್ಯದ 2018ರ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಎತ್ತಿಹಿಡಿಯಿತು. ಬಿ.ಕೆ. ಪವಿತ್ರ ಎಂಬುವರ ಹೆಸರಿನ ಕೇಸು ಅದು. ಆದರೆ ಹುದ್ದೆ ಒಂದೇ ಇದ್ದರೆ ಅದಕ್ಕೆ ಮೀಸಲಾತಿ ಇಲ್ಲ, ರೋಸ್ಟರ್, ಅಂದರೆ ಯಾವ ಹುದ್ದೆ ಯಾವ ವರ್ಗಕ್ಕೆ ಅನ್ನುವ ಸರದಿ ಪಟ್ಟಿ, ತಿರುಗಿಸಿಯೂ ಕೊಡುವಂತಿಲ್ಲ. 1998ರಲ್ಲಿ ಸುಪ್ರೀಂ ಕೋರ್ಟ್ ಹೀಗೆ ಹೇಳಿದ್ದು ಚಂಡೀಗಢದ ಪಿಜಿಐ ಎಂಬ ವೈದ್ಯಕೀಯ ಸಂಸ್ಥೆಯದೇ ಕೇಸಿನಲ್ಲಿ ಅನ್ನುವುದು ನೋಡಿ. ಕಾಲೇಜಿಗೆ ಡೈರೆಕ್ಟರ್ ಒಬ್ಬರೇ. ಮೇಲೆ ಹೋದಷ್ಟೂ ಹುದ್ದೆ ಒಂಟಿ. ರೋಸ್ಟರ್ ನಮ್ಮನ್ನು ಜಗಲಿಯವರೆಗೆ ತಂದು ಬಿಡುತ್ತದೆ, ನಡುಮನೆಗೆ ಕರೆಯುವುದು ಮನೆಯವರ ಇಷ್ಟ.

ಬಿಳಿಕೋಟು
ಅದೇ ಸರಿ ಅಲ್ವಾ? ಮೇಲಿನ ಹುದ್ದೆಗೆ ಮೆರಿಟ್ ಬೇಡವಾ? ಆಪರೇಷನ್ ಮಾಡಿಸಿಕೊಳ್ಳುವಾಗ ನೀವೇ ಒಳ್ಳೆಯ ಡಾಕ್ಟರ್ ಹುಡುಕುತ್ತೀರಿ.

ಸೊರಬದ_ಹುಡುಗ
ಡೀನ್ ಆಪರೇಷನ್ ಮಾಡುವುದಕ್ಕೆ ಆ ಕುರ್ಚಿಯಲ್ಲಿ ಕೂರುವುದಿಲ್ಲ ಮಾರಾಯ. ಯಾವ ಯಂತ್ರ ಕೊಳ್ಳಬೇಕು, ಯಾವ ಸಂಶೋಧನೆಗೆ ಸಹಿ ಹಾಕಬೇಕು, ಹಾಸ್ಟೆಲಿನ ದೂರು ಯಾರು ವಿಚಾರಿಸಬೇಕು, ಇದು ಆ ಕುರ್ಚಿಯ ಕೆಲಸ.

ಸಾಗರದ ಹತ್ತಿರದ ಹಂದಿಗೋಡು ಕೇಳಿದ್ದೀರಾ? 1970ರ ದಶಕದ ಮಧ್ಯದಲ್ಲಿ ಬೆಳಕಿಗೆ ಬಂದ ಕಾಯಿಲೆ, ಊರಿನ ಹೆಸರೇ ಕಾಯಿಲೆಗೂ ಬಂತು. ಸೊಂಟ, ಮಂಡಿಯ ಕೀಲು ಹಾಳಾಗಿ ನಡೆಯಲಾಗದೆ ಕೂತಲ್ಲೇ ಕೂತವರು ಹೆಚ್ಚಾಗಿ ದಲಿತ ಕುಟುಂಬದವರು. ವಂಶದಲ್ಲಿ ಬರುವಂಥದ್ದು ಅಂತ ಸಂಶೋಧನೆ ಹೇಳಿತು. ಒಳ್ಳೆಯದೇ. ಆದರೆ ಅಂಥ ಮನೆಯಿಂದ ಬಂದ ಒಬ್ಬರು ಸಂಶೋಧನೆಗೆ ದುಡ್ಡು ಹಂಚುವ ಜಾಗದಲ್ಲಿ ಕೂತಿದ್ದರೆ ಮೊದಲ ಪ್ರಶ್ನೆ ಬೇರೆ ಇರುತ್ತಿತ್ತು ಅಂತ ನನಗೆ ಅನಿಸುತ್ತದೆ. ಕಾಯಿಲೆಗೆ ಏನು ಹೆಸರಿಡೋಣ ಅನ್ನುವ ಮೊದಲು, ನಿಲ್ಲಲಾಗದವರು ರಾತ್ರಿ ಮಳೆಯಲ್ಲಿ ಕಕ್ಕಸಿಗೆ ಹೋಗುವುದು ಹೇಗೆ ಅಂತ ಕೇಳುತ್ತಿದ್ದರು.

ಅಪ್ಪೆಮಿಡಿ
ಇದಕ್ಕೆ ಒಂದು ಸೇರಿಸುತ್ತೇನೆ. ನಾನು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್, ಹೊಸನಗರ ಕಡೆ. ಮಂಗನ ಕಾಯಿಲೆ ನಮ್ಮ ನೆಲದ್ದೇ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದದ್ದು. ಉಣುಗು ಕಚ್ಚದಂತೆ ಡೆಪಾ ಎಣ್ಣೆ ಹಂಚುತ್ತೇವೆ. ಜನ ಯಾಕೆ ಹಚ್ಚಿಕೊಳ್ಳುವುದಿಲ್ಲ ಅಂತ ಒಂದು ಮೀಟಿಂಗಿನಲ್ಲಿ ಕಾಲೇಜಿನಿಂದ ಬಂದ ದೊಡ್ಡವರು ಒಂದು ಗಂಟೆ ಮಾತಾಡಿದರು. ಅರಿವಿನ ಕೊರತೆ, ಮೂಢನಂಬಿಕೆ, ಅದೂ ಇದೂ. ಬಾಗಿಲ ಹತ್ತಿರ ನಿಂತಿದ್ದ ಆಶಾ ಕಾರ್ಯಕರ್ತೆ ನನ್ನ ಕಿವಿಯಲ್ಲಿ ಹೇಳಿದಳು, "ದರಗು ಗುಡಿಸೋಕೆ ಹೋದ ಹೆಂಗಸರು ಬುತ್ತಿ ಅಲ್ಲೇ ಉಣ್ತಾರಲ್ಲ ಮೇಡಂ, ಎಣ್ಣೆ ಕೈ ತೊಳಿಯಕ್ಕೆ ಕಾಡಲ್ಲಿ ನೀರೆಲ್ಲಿದೆ?" ಅಷ್ಟೇ ಕಾರಣ. ನಾನು ಎದ್ದು ಹೇಳಿದೆ. ನೋಟ್ಸ್‌ನಲ್ಲಿ ನನ್ನ ಹೆಸರಲ್ಲಿ ಬಂತು, ಅವಳ ಹೆಸರಲ್ಲಿ ಅಲ್ಲ. ಅದು ನಂದೂ ತಪ್ಪು.

ವಾರ್ಡ್_ಸಿಸ್ಟರ್
ಡಾಕ್ಟರ್‌ಗಳು ಪ್ರಾತಿನಿಧ್ಯ ಅಂತ ಮಾತಾಡುವುದು ನೋಡಿ ಖುಷಿ ಆಯಿತು. ನಮ್ಮ ಆಸ್ಪತ್ರೆಯ ಪರ್ಚೇಸ್ ಕಮಿಟಿಯಲ್ಲಿ ಒಬ್ಬ ನರ್ಸೂ ಇಲ್ಲ. ಕೈಗವಸು ಯಾವ ಸೈಜ್ ಬೇಕು ಅಂತ ಗಂಡಸರು ತೀರ್ಮಾನ ಮಾಡಿ ಎಲ್ಲ ಏಳೂವರೆ ತರಿಸಿದ್ದಾರೆ. ಆರೂವರೆ ಕೈಗಳು ಅದರೊಳಗೆ ಈಜುತ್ತಿವೆ. ಇಷ್ಟೇ ಹೇಳುವುದಿತ್ತು, ಡ್ಯೂಟಿಗೆ ಹೊರಟೆ.

ಲೀಡ್ಸ್‌ನಲ್ಲಿ_ನೆನೆಯುವವ
ಭದ್ರಾವತಿಯವನು, ಈಗ ಇಂಗ್ಲೆಂಡಿನಲ್ಲಿ. ಇಲ್ಲಿ ಮಾಡಿದ ಒಂದು ಪ್ರಯೋಗ ಹೇಳುತ್ತೇನೆ. ಅಥೀನಾ ಸ್ವಾನ್ ಅಂತ 2005ರಲ್ಲಿ ಶುರುವಾಯಿತು. ವಿಶ್ವವಿದ್ಯಾಲಯ, ವಿಭಾಗಗಳು ತಮ್ಮಲ್ಲಿ ಹೆಂಗಸರು ಎಲ್ಲೆಲ್ಲಿ ಎಷ್ಟಿದ್ದಾರೆ, ಏನು ಸರಿಮಾಡುತ್ತೀವಿ ಅಂತ ಬರೆದು ಕೊಟ್ಟರೆ ಕಂಚು, ಬೆಳ್ಳಿ, ಚಿನ್ನ ಕೊಡುತ್ತಾರೆ. ಕೆಲವು ವರ್ಷ ಯಾರೂ ಅಷ್ಟಾಗಿ ತಲೆಕೆಡಿಸಿಕೊಂಡಿರಲಿಲ್ಲ. 2011ರಲ್ಲಿ ಸ್ಯಾಲಿ ಡೇವಿಸ್, ಆಗ ಇಲ್ಲಿಯ ಮುಖ್ಯ ವೈದ್ಯಾಧಿಕಾರಿ, ದೊಡ್ಡ ವೈದ್ಯಕೀಯ ಸಂಶೋಧನಾ ಕೇಂದ್ರಗಳಿಗೆ ಮುಂದೆ ದುಡ್ಡು ಬೇಕಾದರೆ ಮೆಡಿಕಲ್ ಸ್ಕೂಲಿಗೆ ಬೆಳ್ಳಿ ಇರಲೇಬೇಕು ಅಂದರು. ಆಮೇಲೆ ನೋಡಬೇಕಿತ್ತು ಓಟ! ಹೊಟ್ಟೆಪಾಡಿಗೆ ಕಟ್ಟಿದಾಗ ಎಲ್ಲರಿಗೂ ಜ್ಞಾನೋದಯ ಆಗುತ್ತದೆ.

ಆದರೆ ಆ ದಪ್ಪ ದಪ್ಪ ಅರ್ಜಿ ತುಂಬುವ ಕೆಲಸವೂ ಹೆಂಗಸರ ತಲೆಗೇ ಬಂತು ಅನ್ನುವ ದೂರು ಇತ್ತು. 2020ರಲ್ಲಿ ಆ ಷರತ್ತನ್ನು ಕೈಬಿಟ್ಟರು. ಹಾಗಾಗಿ ಇಲ್ಲಿ ಎಲ್ಲ ಸರಿಹೋಗಿದೆ ಅಂತ ನಾನು ಹೇಳುತ್ತಿಲ್ಲ. ಅಮೆರಿಕದಲ್ಲೂ 2019ರಲ್ಲಿ ಮೆಡಿಕಲ್ ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಅರ್ಧ ದಾಟಿದರು, ಹೆಚ್ಚುಕಮ್ಮಿ ಅದೇ ಹೊತ್ತಿಗೆ ವಿಭಾಗದ ಮುಖ್ಯಸ್ಥರಲ್ಲಿ ಅವರ ಪಾಲು 18%. ಕಾಲ ಹೋದಂತೆ ತಾನಾಗಿ ಸರಿಯಾಗುತ್ತದೆ ಅನ್ನುವವರು ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಲಿ.

ನಿವೃತ್ತ_ಕತ್ತರಿ
ನಿನ್ನೆ ರಾತ್ರಿ ಇದನ್ನೆಲ್ಲ ಓದಿ ನಿದ್ದೆ ಸರಿ ಬರಲಿಲ್ಲ. ಮಳೆಯೂ ಜೋರಾಗಿತ್ತು, ಪೂರ್ತಿ ನಿಮ್ಮ ತಪ್ಪಲ್ಲ.

ಒಂದು ಲೆಕ್ಕ ಹಾಕಿದೆ. ನಾನು ಎಚ್‌ಒಡಿ ಆಗಿದ್ದಾಗ ರಜೆ ಹೋಗುವಾಗ ಪ್ರಭಾರ ಯಾರಿಗೆ ಕೊಡುತ್ತಿದ್ದೆ? ಒಬ್ಬನಿಗೇ. ಯಾಕೆ ಅವನಿಗೆ? ಸಂಜೆ ನನ್ನ ಜೊತೆ ಶಟಲ್ ಆಡುತ್ತಿದ್ದ. ಬೆಂಗಳೂರಿಗೆ ಯೂನಿವರ್ಸಿಟಿ ಕೆಲಸಕ್ಕೆ ಹೋಗುವಾಗ ಕಾರು ಓಡಿಸುತ್ತಿದ್ದ, ಶಿವಮೊಗ್ಗದಿಂದ ಅರಸೀಕೆರೆ ದಾಟುವ ಹೊತ್ತಿಗೆ ವಿಭಾಗದ ಅರ್ಧ ವಿಷಯ ಅವನಿಗೆ ಹೇಳಿ ಆಗಿರುತ್ತಿತ್ತು. ಯಾವ ಫೈಲು ಎಲ್ಲಿದೆ, ಯಾವ ಆಫೀಸಿನಲ್ಲಿ ಯಾರನ್ನು ಹಿಡಿಯಬೇಕು, ಬಜೆಟ್ ಹೇಗೆ ಬರೆಯಬೇಕು, ಎಲ್ಲ ಆ ಕಾರಿನಲ್ಲೇ ಕಲಿತ. ಆ ಮೂವರು ಹೆಣ್ಣುಮಕ್ಕಳಲ್ಲಿ ಒಬ್ಬಳು ಅವನಿಗಿಂತ ಸೀನಿಯರ್, ಕೈ ಕೂಡ ಅವನಿಗಿಂತ ಚೆನ್ನಾಗಿತ್ತು. ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋಗುವುದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಜನ ಏನಂದಾರು ಅಂತ ಬಿಡುತ್ತಿದ್ದೆ. ಬೇಕು ಅಂತ ಮಾಡಿದ್ದಲ್ಲ. ಅವನು ಈಗ ಒಂದು ಕಡೆ ಪ್ರಿನ್ಸಿಪಾಲ್. ಅವಳು ಖಾಸಗಿ ಪ್ರಾಕ್ಟೀಸ್ ಇಟ್ಟುಕೊಂಡಿದ್ದಾಳೆ. ಅವಳ ನಂಬರ್ ಇದೆ. ಫೋನ್ ಮಾಡಿ ಏನಂತ ಕೇಳಲಿ ಗೊತ್ತಾಗುತ್ತಿಲ್ಲ.

ಐದೂವರೆ_ಮೀಟಿಂಗ್
ಇಷ್ಟು ಬರೆದಿರಲ್ಲ ಸರ್. ಇದನ್ನೇ ಓದಿ ಹೇಳಿ ಅವರಿಗೆ.

ಟಪಾಲು_ಮೇಜು
ನಾನು ಡಾಕ್ಟರ್ ಅಲ್ಲ. ಒಂದು ಮೆಡಿಕಲ್ ಕಾಲೇಜಿನ ಆಡಳಿತ ಶಾಖೆಯಲ್ಲಿ ಕೆಲಸ ಮಾಡಿದವನು, ಫೈಲುಗಳ ಈಚೆ ಕಡೆಯಿಂದ ನೋಡಿದ್ದು ಹೇಳುತ್ತೇನೆ. ದೊಡ್ಡವರು ಯಾಕೋ ಈ ವಿಷಯ ಬಿಟ್ಟರು.

ಎಂಸಿಐ, ಅಂದರೆ ಆಗಿನ ಭಾರತೀಯ ವೈದ್ಯಕೀಯ ಮಂಡಳಿಯ 1998ರ ನಿಯಮದಲ್ಲಿ ಡೈರೆಕ್ಟರ್, ಪ್ರಿನ್ಸಿಪಾಲ್, ಡೀನ್ ಹುದ್ದೆಗೆ ಪ್ರೊಫೆಸರ್, ಅಸೋಸಿಯೇಟ್ ಪ್ರೊಫೆಸರ್ ಆಗಿ ಒಟ್ಟು ಹತ್ತು ವರ್ಷ, ಅದರಲ್ಲಿ ಐದು ವರ್ಷ ಪ್ರೊಫೆಸರ್ ಆಗಿರಬೇಕು ಅಂತಿತ್ತು. ಜೊತೆಗೆ ಒಂದು ಸಾಲು, ವಿಭಾಗದ ಮುಖ್ಯಸ್ಥರಿಗೆ ಆದ್ಯತೆ ಕೊಡಬಹುದು ಅಂತ. ಆ ಒಂದು ಸಾಲಿನ ಬಾಲ ಬಹಳ ಉದ್ದ. ಸಂದರ್ಶನಕ್ಕೆ ಬಂದವರ ಬಯೋಡೇಟಾ ನಾನೇ ಜೋಡಿಸಿಟ್ಟಿದ್ದೇನೆ. ಒಬ್ಬರದ್ದರಲ್ಲಿ ಪ್ರಭಾರ ಮುಖ್ಯಸ್ಥ, ಖರೀದಿ ಸಮಿತಿ, ಹಾಸ್ಟೆಲ್ ವಾರ್ಡನ್, ಎಥಿಕ್ಸ್ ಕಮಿಟಿ ಸದಸ್ಯ ಅಂತ ಎರಡು ಪುಟ. ಇನ್ನೊಬ್ಬರದ್ದರಲ್ಲಿ ಪಾಠ, ರೋಗಿ, ಸಂಶೋಧನೆ, ಆಮೇಲೆ "ಸಾಂಸ್ಕೃತಿಕ ಸಮಿತಿ". ಇನ್‌ಸ್ಪೆಕ್ಷನ್‌ಗೆ ತಿಂಡಿ ಕೊಟ್ಟದ್ದು, ಹೂಗುಚ್ಛ ತಂದದ್ದು, ವಾರ್ಷಿಕೋತ್ಸವಕ್ಕೆ ರಂಗೋಲಿ ಹಾಕಿಸಿದ್ದು ಯಾವ ಬಯೋಡೇಟಾದಲ್ಲೂ ಬರುವುದಿಲ್ಲ.

ಪ್ರಭಾರ ಬಾಯಿಮಾತಿನಲ್ಲಿ ಕೊಟ್ಟರೆ ಅದು ಗಾಳಿಗೆ ಹೋಯಿತು. ಕಚೇರಿ ಆದೇಶ ಆಗಬೇಕು, ಅದರ ಪ್ರತಿ ನಿಮ್ಮ ಸೇವಾ ಕಡತದಲ್ಲಿ ಕೂರಬೇಕು. ಕೇಳದೆ ಯಾರೂ ಕೊಡುವುದಿಲ್ಲ, ಕೇಳಿದರೆ ಇಲ್ಲ ಅನ್ನುವುದಕ್ಕೂ ಬರವಣಿಗೆಯಲ್ಲಿ ಕಾರಣ ಬೇಕಾಗುತ್ತದೆ, ಅಲ್ಲೇ ಅವರಿಗೆ ಕಷ್ಟ. ಗೊರಬು ಮೇಡಂ, ಒಂದು ಪುಟದ ಪತ್ರ ಬರೆಯಿರಿ. ಜಗಳ ಬೇಡ, ತಿಂಡಿಯ ಮಾತೇ ಬೇಡ. ಇಷ್ಟು ವರ್ಷ ರಿಜಿಸ್ಟರ್ ನಾನೇ ಬರೆಯುತ್ತಿದ್ದೇನೆ, ಜ್ಯೇಷ್ಠತೆ ಪ್ರಕಾರ ಇನ್ನು ಮುಂದೆ ಎಚ್‌ಒಡಿ ರಜೆಯಲ್ಲಿದ್ದಾಗ ಪ್ರಭಾರವನ್ನು, ಇನ್‌ಸ್ಪೆಕ್ಷನ್ ದಾಖಲೆಗಳ ಜವಾಬ್ದಾರಿಯನ್ನು ನನಗೆ ವಹಿಸಿ ಆದೇಶ ಮಾಡಿ ಅಂತ ಅಷ್ಟೇ.

ಸೊರಬದ_ಹುಡುಗ
ಇದು ಆಗುವ ಮಾತು. ನನ್ನದೊಂದು ಸೇರಿಸಿ. ಎಚ್‌ಒಡಿ ಕುರ್ಚಿಯನ್ನೇ ಸರದಿಗೆ ಹಾಕಬಾರದಾ? ನಮ್ಮ ಪಕ್ಕದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವಿಭಾಗದ ಅಧ್ಯಕ್ಷರು ಸರದಿ ಮೇಲೆ ಬದಲಾಗುತ್ತಾರೆ, ಆಕಾಶ ಬಿದ್ದಿಲ್ಲ. ಮೆಡಿಕಲ್ ಕಾಲೇಜಿನಲ್ಲಿ ಒಬ್ಬರು ಕೂತರೆ ರಿಟೈರ್ ಆಗುವವರೆಗೆ ಏಳುವ ಮಾತಿಲ್ಲ. ಅವರ ಹಿಂದಿನವರು ಅಲ್ಲೇ ಮುದುಕರಾಗುತ್ತಾರೆ.

ಬಿಳಿಕೋಟು
ಸರದಿ ಬಂದರೆ ಶಿಸ್ತು ಹೋಗುತ್ತದೆ. ಮೂರು ವರ್ಷ ಆದಮೇಲೆ ಇವನ ಮಾತು ಯಾರು ಕೇಳುತ್ತಾರೆ?

ನಿವೃತ್ತ_ಕತ್ತರಿ
ಮೂರು ವರ್ಷ ಆದಮೇಲೆ ತಾನೂ ಇನ್ನೊಬ್ಬರ ಕೈಕೆಳಗೆ ಕೂರಬೇಕು ಅಂತ ಗೊತ್ತಿದ್ದರೆ ಕೂತಾಗ ನೆಟ್ಟಗೆ ಇರುತ್ತಾನೆ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಗೊರಬು
ಪತ್ರ ಕೊಟ್ಟೆ. ನಾಲ್ಕು ಸಲ ಬರೆದು ಹರಿದೆ, ಕೊನೆಗೆ ಟಪಾಲು ಸರ್ ಹೇಳಿದಂತೆ ಹನ್ನೊಂದು ಸಾಲು. ಎಚ್‌ಒಡಿ ಓದಿ ಕನ್ನಡಕ ತೆಗೆದಿಟ್ಟು, "ಎಂತಕ್ಕೆ ಮೇಡಂ ಇದೆಲ್ಲ ರೈಟಿ‌ಂಗಲ್ಲಿ, ಬಾಯಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವ?" ಅಂದರು. ಬಾಯಲ್ಲಿ ಎರಡು ವರ್ಷದಿಂದ ಹೇಳುತ್ತಿದ್ದೇನೆ ಸರ್ ಅಂದೆ. ದನಿ ನಡುಗಿತು, ಆದರೂ ಅಂದೆ. "ನೋಡೋಣ" ಅಂದರು.

ಇನ್ನೊಂದು ಪ್ರತಿಯನ್ನು ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡೆ. ಸೀಲಿನಲ್ಲಿ ತಾರೀಖು ನಿನ್ನೆಯದೇ ಇತ್ತು, ತಿರುಗಿಸಿರಲಿಲ್ಲ. ಹೋಗಲಿ ಅಂತ ಹಾಗೇ ತಂದೆ.

ಟಪಾಲು_ಮೇಜು
ಹೋಗಲಿ ಅಲ್ಲ ಮೇಡಂ. ಪತ್ರದ ತಾರೀಖು ಇವತ್ತಿನದು, ಸೀಲು ನಿನ್ನೆಯದು ಅಂದರೆ ನಾಳೆ ಅದೇ ಒಂದು ತಕರಾರು ಆಗುತ್ತದೆ. ಐದೂವರೆಯೊಳಗೆ ವಾಪಸ್ ಹೋಗಿ. ಸರಿಯಾದ ತಾರೀಖಿನ ಸೀಲು ಹಾಕಿಸಿ, ಪಕ್ಕದಲ್ಲಿ ಸಣ್ಣ ಸಹಿ, ಇನ್‌ವರ್ಡ್ ನಂಬರ್ ಬರೆಸಿಕೊಳ್ಳಿ. ಆಮೇಲೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಗೊರಬು
ಹೊರಟೆ.